ಮಾದಕ ವ್ಯಸನ ಮತ್ತು ಮಿದುಳಿನ ಸ್ಮೃತಿ: ಒಂದು ಐತಿಹಾಸಿಕ ವಿವೇಚನೆ

ಮಾದಕ ವಸ್ತುವಿನ ಸುಖವು ಮಿದುಳಿನಲ್ಲಿ ಸ್ಮೃತಿಯಾಗಿ ನೆಲೆಗೊಳ್ಳುತ್ತದೆಂಬ ವಿಚಾರದ ಚರಿತ್ರೆಯನ್ನು 1954ರಿಂದ ಆರಂಭಿಸುವುದು ವಾಡಿಕೆ. ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ಸಂಶೋಧಕರು ಇಲಿಗಳ ಮಿದುಳಿಗೆ ತಂತಿಯಿಳಿಸಿ, ಕೆಲವು ಭಾಗಗಳಿಗೆ ವಿದ್ಯುತ್ತು ಸೋಕಿದರೆ ಇಲಿಯು ಅದನ್ನೇ ಬಯಸಿ ಸನ್ನೆಯನ್ನು ಮತ್ತೆ ಮತ್ತೆ ಒತ್ತುವುದೆಂದು ಆ ವರ್ಷ ಪ್ರಕಟಿಸಿದರು. ಪ್ರಯೋಗವು ಮಹತ್ತ್ವದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚರಿತ್ರೆಯನ್ನು ಅಲ್ಲಿಂದ ತೊಡಗಿದರೆ, ಇಲಿಗಿಂತ ಮೊದಲು ಮನುಷ್ಯರಿಂದಲೇ ತಿಳಿದುಬಂದಿದ್ದ ಸಂಗತಿಯೊಂದು ಮರೆಯಾಗುವುದೆಂದು ನಮ್ಮ ಅಭಿಪ್ರಾಯ.

ಅಮೆರಿಕದ ಕೆಂಟಕಿ ಸಂಸ್ಥಾನದ ಲೆಕ್ಸಿಂಗ್ಟನ್ ಊರಿನ ಬಳಿ 1935ರಲ್ಲಿ ಅಲ್ಲಿನ ಕೇಂದ್ರ ಸರ್ಕಾರವು ವ್ಯಸನಿಗಳಿಗಾಗಿ ಒಂದು ಸಂಸ್ಥೆಯನ್ನು ತೆರೆಯಿತು. ಅದು ಅರ್ಧ ಸೆರೆಮನೆ, ಅರ್ಧ ಆಸ್ಪತ್ರೆ. ಶಿಕ್ಷೆಗೊಳಗಾದವರೂ ತಾವಾಗಿ ಬಂದವರೂ ಅಲ್ಲಿದ್ದರು. ತಿಂಗಳುಗಟ್ಟಲೆ ಮಾರ್ಫೀನನ್ನು ಬಿಟ್ಟು ಆರೋಗ್ಯವಂತರಾಗಿದ್ದ ರೋಗಿಗಳು, ಗುಂಪಿನಲ್ಲಿ ಆ ವಸ್ತುವಿನ ಮಾತು ಬಂದೊಡನೆ ಆಕಳಿಸುವುದನ್ನೂ ಮೂಗು ಕಣ್ಣುಗಳನ್ನು ಒರಸಿಕೊಳ್ಳುವುದನ್ನೂ ವೈದ್ಯ ಏಬ್ರಹಾಂ ವಿಕ್ಲರ್ ಗಮನಿಸಿದನು. ಇವು ಔಷಧ ತಪ್ಪಿದ ಮೊದಲ ದಿನಗಳ ಲಕ್ಷಣಗಳು. ಶರೀರದಲ್ಲಿ ವಿಷವಿಲ್ಲದಿದ್ದರೂ ಶರೀರವು ಅದನ್ನು ನೆನೆಯುತ್ತಿತ್ತು. ಹಳೆಯ ಬೀದಿಗೆ ಕಾಲಿಟ್ಟೊಡನೆ ಇದೇ ಅವಸ್ಥೆ ಮರುಕಳಿಸಿತೆಂದು ಮತ್ತೆ ಚಟಕ್ಕೆ ಬಿದ್ದು ಬಂದವರು ಹೇಳಿದರು. ಪಾವ್ಲೋವನ ನಾಯಿಯು ಸೂಚನೆಗೇ ಜೊಲ್ಲು ಸುರಿಸಿದಂತೆ ಇದೂ ಕಲಿತ ಪ್ರತಿಕ್ರಿಯೆಯೆಂದು ವಿಕ್ಲರ್ 1948ರಲ್ಲಿ ಸೂಚಿಸಿದನು.

ಈ ಸೂಚನೆಗೆ ಆಗ ದೊರೆತ ಮನ್ನಣೆ ಅಲ್ಪ. 1962ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಲೆಕ್ಸಿಂಗ್ಟನ್ನಿನಿಂದ ನ್ಯೂಯಾರ್ಕ್ ನಗರಕ್ಕೆ ಮರಳಿದ 1,800ಕ್ಕೂ ಹೆಚ್ಚು ಮಂದಿಯಲ್ಲಿ ನೂರಕ್ಕೆ ಸುಮಾರು 90 ಜನ ಮತ್ತೆ ವ್ಯಸನಕ್ಕೆ ಬಿದ್ದರು. ಒಮ್ಮೆ ವ್ಯಸನಿಯಾದವನು ಎಂದೆಂದಿಗೂ ವ್ಯಸನಿಯೇ ಎಂಬ ನಂಬಿಕೆಗೆ ಇದರಿಂದ ಬಲ ಬಂದಿತು.

ಈ ನಂಬಿಕೆಯನ್ನು ಅಲುಗಿಸಿದುದು ವಿಯೆಟ್ನಾಮ್ ಯುದ್ಧ. 1971ರಲ್ಲಿ ಅಲ್ಲಿನ ಅಮೆರಿಕನ್ ಸೈನಿಕರಲ್ಲಿ ಹೆರಾಯಿನ್ ವ್ಯಾಪಕವಾಗಿದೆಯೆಂಬ ವಾರ್ತೆಯಿಂದ ವಾಷಿಂಗ್ಟನ್ ಬೆಚ್ಚಿತು. ಸೇಂಟ್ ಲೂಯಿಸ್ ನಗರದ ವಿದುಷಿ ಲೀ ರಾಬಿನ್ಸ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವದೇಶಕ್ಕೆ ಮರಳಿದ ಸೈನಿಕರನ್ನು ಹುಡುಕಿ ವಿಚಾರಿಸಿದಳು. ನೂರಕ್ಕೆ 20ರ ಸಮೀಪ ಜನ ಅಲ್ಲಿ ವ್ಯಸನಿಗಳಾಗಿದ್ದರು. ಅಂಥವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ವ್ಯಸನಕ್ಕೆ ಸಿಕ್ಕಿದವರು ನೂರಕ್ಕೆ 5 ಜನ ಮಾತ್ರ. ಮೂರು ವರ್ಷಗಳಲ್ಲಿ 12. ಹಲವರಿಗೆ ಈ ಲೆಕ್ಕವನ್ನು ನಂಬುವುದೇ ಕಷ್ಟವಾಯಿತು.

ನ್ಯೂಯಾರ್ಕಿನವರು ಕಲಿತ ಬೀದಿಗೇ ಮರಳಿದರು. ಸೈನಿಕರು ಕಲಿತ ನೆಲವನ್ನೇ ಬಿಟ್ಟು ಬಂದರು. ಇಷ್ಟೇ ಕಾರಣವೆಂದು ನಾವು ಹೇಳೆವು. ಅಲ್ಲಿ ಹೆರಾಯಿನ್ ಸುಲಭ, ಅಗ್ಗ, ಊರಿನಲ್ಲಿ ದುಬಾರಿ. ಯುದ್ಧದ ಭಯವೂ ಬೇಸರವೂ ಹಿಂದೆ ಉಳಿದಿದ್ದವು. ಆದರೂ ವಿಕ್ಲರನ ಸೂಚನೆಯನ್ನು ಪಕ್ಕಕ್ಕಿಟ್ಟು ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಅರ್ಥಮಾಡಿಕೊಳ್ಳುವುದು ಕಷ್ಟ.

ಮಿದುಳಿನ ಶಾಸ್ತ್ರವು ಈ ಸ್ಮೃತಿಯ ಠಾವುಗಳನ್ನು ಗುರುತಿಸಿದುದು ಆಮೇಲೆ. ನಡುಮಿದುಳಿನ ಕೆಲವು ಜೀವಕೋಶಗಳು ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗಕ್ಕೆ ಡೋಪಮೀನ್ ದ್ರವ್ಯವನ್ನು ಕಳುಹುತ್ತವೆ. ಕೋತಿಗಳಲ್ಲಿ ಇಂಥ ಕೋಶಗಳು ಮೊದಲು ಸುಖಕ್ಕೂ, ಕಲಿತ ಬಳಿಕ ಸುಖದ ಸೂಚನೆಗೂ ಮಿಡಿಯುವುದನ್ನು ವೋಲ್ಫ್ರಾಮ್ ಶುಲ್ಟ್ಜ್ ತೋರಿಸಿದನು. ಸ್ಥಳದ ನೆನಪಿಗೆ ಹಿಪೊಕ್ಯಾಂಪಸ್, ಸೂಚನೆಗೆ ಅಂಟಿದ ಭಾವಕ್ಕೆ ಅಮಿಗ್ಡಲಾ ನೆರವಾಗುತ್ತವೆ. 1999ರಲ್ಲಿ ಫಿಲಡೆಲ್ಫಿಯಾದ ಸಂಶೋಧಕರು ಕೊಕೇನ್ ವ್ಯಸನಿಗಳಿಗೆ ಕೊಕೇನಿನ ದೃಶ್ಯಗಳನ್ನು ತೋರಿಸಿದಾಗ ಅಮಿಗ್ಡಲಾದಲ್ಲಿ ರಕ್ತದ ಹರಿವು ಏರಿತು. 2001ರ ಒಂದು ಪ್ರಯೋಗದಲ್ಲಿ ಒಂದೇ ಬಾರಿ ಕೊಟ್ಟ ಕೊಕೇನ್ ಚುಚ್ಚುಮದ್ದು ಸುಂಡಿಲಿಯ ಡೋಪಮೀನ್ ಕೋಶಗಳ ಸಂಧಿಗಳನ್ನು ಐದು ದಿನ ಬಲಪಡಿಸಿತು.

ಲೆಕ್ಸಿಂಗ್ಟನ್ನಿನ ಬಗ್ಗೆ ಒಂದು ಮಾತು ಉಳಿದಿದೆ. ಅಲ್ಲಿ ಪ್ರಯೋಗಕ್ಕೆ ಒಪ್ಪಿದ ಕೈದಿಗಳಿಗೆ ಮಾದಕ ವಸ್ತುವನ್ನೇ ಪ್ರತಿಫಲವಾಗಿ ಕೊಡುತ್ತಿದ್ದ ಸಂಗತಿ 1975ರಲ್ಲಿ ಸೆನೆಟ್ ವಿಚಾರಣೆಯಲ್ಲಿ ಚರ್ಚೆಗೆ ಬಂದಿತು. 1976ರಲ್ಲಿ ಕೈದಿಗಳ ಮೇಲಿನ ಆ ಪ್ರಯೋಗಗಳು ನಿಂತವು.