ವಿಡಿಯೋ ಸಂಕೋಚನ ತಂತ್ರಜ್ಞಾನ: ಉಳಿಸುವುದೇನು, ಬಿಡುವುದೇನು

ಇಡವಪಾತಿಯ ಮಳೆ ಕೊಚ್ಚಿಯ ಮೇಲೆ ಬಿರುಸಾಗಿ ಸುರಿಯುವ ದಿನಗಳಲ್ಲಿ, ಎಡಪ್ಪಳ್ಳಿಯ ಕನ್ನಡಿಗರ ಮನೆಗಳ ದೂರದರ್ಶನದ ಪರದೆಯ ಮೇಲೆ ವಾರ್ತೆ ಓದುವವರ ಮುಖ ಇದ್ದಕ್ಕಿದ್ದಂತೆ ಚೌಕಚೌಕವಾಗಿ ಒಡೆದುಹೋಗುವುದು ಹೊಸ ಸಂಗತಿಯೇನಲ್ಲ. ಹಿಂದಿನ ಆಂಟೆನಾ ಕಾಲದಲ್ಲಿ ಸಂಕೇತ ಕ್ಷೀಣಿಸಿದರೆ ಪರದೆಯ ತುಂಬ ಬಿಳಿ ಚುಕ್ಕಿಗಳು ಸುರಿಯುತ್ತಿದ್ದವು. ಚಿತ್ರ ಮಸುಕಾದರೂ ಅದರ ಹಿಂದೆ ಇದ್ದೇ ಇರುತ್ತಿತ್ತು. ಮನೆಯ ಮಾಳಿಗೆಗೆ ಡಿಟಿಎಚ್ ತಟ್ಟೆ ಬಂದ ಮೇಲೆ ಚಿತ್ರ ಒಂದೋ ಸ್ವಚ್ಛವಾಗಿರುತ್ತದೆ, ಇಲ್ಲವೇ ಚೂರಾಗುತ್ತದೆ. ಮಳೆಯ ಹನಿಗಳು ಉಪಗ್ರಹದ ಸಂಕೇತವನ್ನು ಹೀರಿಕೊಳ್ಳುವುದು ಇದರ ನೇರ ಕಾರಣ. ಆದರೆ ಚಿತ್ರ ಚೌಕಗಳಾಗಿಯೇ ಏಕೆ ಒಡೆಯಬೇಕು ಎಂಬ ಪ್ರಶ್ನೆಗೆ ಉತ್ತರ ವಿಡಿಯೋ ಸಂಕೋಚನ ತಂತ್ರಜ್ಞಾನದಲ್ಲಿದೆ. ಆ ಚೌಕಗಳ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿ ಓದಿದ ಇಂಜಿನಿಯರೊಬ್ಬರ ಗಣಿತವಿದೆ ಎಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು.

ಮೊದಲು ಈ ತಂತ್ರಜ್ಞಾನದ ಅಗತ್ಯವನ್ನು ನೋಡೋಣ. ಇಂದಿನ ಎಚ್‌ಡಿ ಚಿತ್ರದ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಅಂದರೆ ಸುಮಾರು 20.7 ಲಕ್ಷ ಬಿಂದುಗಳಿರುತ್ತವೆ. ಪ್ರತಿ ಬಿಂದುವಿನ ಬಣ್ಣವನ್ನು ಮೂರು ಬೈಟುಗಳಲ್ಲಿ ಬರೆದಿಟ್ಟರೆ ಒಂದು ಚೌಕಟ್ಟಿಗೆ 62 ಲಕ್ಷ ಬೈಟು. ಸೆಕೆಂಡಿಗೆ 25 ಚೌಕಟ್ಟುಗಳೆಂದರೆ ಹದಿನೈದೂವರೆ ಕೋಟಿ ಬೈಟು. ಒಂದು ಗಂಟೆಯ ದೃಶ್ಯಕ್ಕೆ ಸುಮಾರು 560 ಗಿಗಾಬೈಟ್ ಜಾಗ ಬೇಕು. 4.7 ಗಿಗಾಬೈಟಿನ ಒಂದು ಡಿವಿಡಿ ತಟ್ಟೆಯಲ್ಲಿ ಇಂತಹ ದೃಶ್ಯ ಹಿಡಿಯುವುದು ಕೇವಲ ಮೂವತ್ತು ಸೆಕೆಂಡು. ಸಂಕೋಚನವಿಲ್ಲದೆ ಡಿಜಿಟಲ್ ದೂರದರ್ಶನವಾಗಲಿ, ಮೊಬೈಲಿನಲ್ಲಿ ಮೊಮ್ಮಗುವಿನ ಮುಖ ನೋಡುವುದಾಗಲಿ ಆಗುತ್ತಿರಲಿಲ್ಲ.

ಈ ಸಮಸ್ಯೆಗೆ ದಾರಿ ತೆರೆದವರಲ್ಲಿ ಪ್ರಮುಖರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು, ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ, ಇಂದು ಯುವಿಸಿಇ ಎಂದು ಕರೆಯಲಾಗುವ ಇಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೆರಿಕೆಗೆ ತೆರಳಿದರು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, 1972ರಲ್ಲಿ ಚಿತ್ರಗಳ ಮಾಹಿತಿಯನ್ನು ಕೊಸೈನ್ ತರಂಗಗಳ ಮೂಲಕ ಕುಗ್ಗಿಸುವ ಅಧ್ಯಯನಕ್ಕೆಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯದ ಅರ್ಜಿ ಸಲ್ಲಿಸಿದರು. ಅರ್ಜಿ ತಿರಸ್ಕೃತವಾಯಿತು. ವಿಚಾರವು ತೀರ ಸರಳವಾಯಿತೆಂಬುದು ಪರಿಶೀಲಕರೊಬ್ಬರ ಆಕ್ಷೇಪವಾಗಿತ್ತೆಂದು ಅಹ್ಮದ್ ಅವರೇ ಮುಂದೆ ಬರೆದಿದ್ದಾರೆ. ಅವರು ಕೈಬಿಡಲಿಲ್ಲ. 1973ರ ಬೇಸಿಗೆ ರಜೆಯನ್ನು ಹಣವಿಲ್ಲದೆಯೇ ಇದಕ್ಕೆ ಮೀಸಲಿಟ್ಟರು. ಅವರ ಶಿಷ್ಯ ಟಿ. ನಟರಾಜನ್ ಹಾಗೂ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದ, ಮದರಾಸಿನ ಗಿಂಡಿ ಕಾಲೇಜಿನ ಹಳೆಯ ವಿದ್ಯಾರ್ಥಿ ಕೆ.ಆರ್. ರಾವ್ ಅವರೊಡನೆ ಬರೆದ ಪುಟ್ಟ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಸಂಕ್ಷೇಪವಾಗಿ ಡಿಸಿಟಿ, ಜಗತ್ತಿಗೆ ಪರಿಚಯವಾದದ್ದು ಹೀಗೆ. 2021ರಲ್ಲಿ ‘ದಿಸ್ ಈಸ್ ಅಸ್’ ಎಂಬ ಅಮೆರಿಕನ್ ಧಾರಾವಾಹಿಯ ಒಂದು ಕಂತು ಇವರ ಕಥೆಯನ್ನು ತೆರೆಗೆ ತಂದಿತು. ನಮ್ಮ ಧಾರಾವಾಹಿಗಳಿಗೆ ಇನ್ನೂ ಆ ಪುರುಸೊತ್ತು ಆದಂತಿಲ್ಲ.

ಡಿಸಿಟಿಯ ಕೆಲಸವನ್ನು ಗಣಿತವಿಲ್ಲದೆ ಹೀಗೆ ವಿವರಿಸಬಹುದು. ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಪುಟ್ಟ ಚೌಕಗಳಾಗಿ ಕತ್ತರಿಸಲಾಗುತ್ತದೆ. ಒಂದು ಚೌಕದ 64 ಬಿಂದುಗಳ ಬೆಳಕನ್ನು ಒಂದೊಂದಾಗಿ ಬರೆಯುವ ಬದಲು, ಇಡೀ ಚೌಕದ ಸರಾಸರಿ ಬೆಳಕು ಇಷ್ಟು, ಅದರ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಏರುವ ಅಲೆ ಇಷ್ಟು, ಇನ್ನೂ ಸಣ್ಣ ಅಲೆ ಇಷ್ಟು ಎಂದು 64 ಅಳತೆಗಳಾಗಿ ಬರೆಯಲಾಗುತ್ತದೆ. ಆಕಾಶ, ಗೋಡೆ, ಕೆನ್ನೆಗಳಂತಹ ಸಹಜ ದೃಶ್ಯಗಳಲ್ಲಿ ಮೊದಲ ಕೆಲವು ಅಳತೆಗಳೇ ದೊಡ್ಡವು. ಉಳಿದವು ಸೊನ್ನೆಗೆ ಹತ್ತಿರ. ಇಷ್ಟರವರೆಗೆ ಏನೂ ನಷ್ಟವಾಗಿಲ್ಲ ಎಂಬುದು ಗಮನಾರ್ಹ. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ. ಲೆಕ್ಕದಲ್ಲಿ ಪೈಸೆಗಳನ್ನು ಬಿಟ್ಟು ಹತ್ತಿರದ ರೂಪಾಯಿಗೆ ಸರಿಹೊಂದಿಸುವಂತೆ, ಸಣ್ಣ ಅಳತೆಗಳನ್ನು ಸೊನ್ನೆಯಾಗಿಸಿ, ‘ಮುಂದೆ ನಲವತ್ತು ಸೊನ್ನೆ’ ಎಂದು ಚುಟುಕಾಗಿ ನಮೂದಿಸಲಾಗುತ್ತದೆ. ಬೆಳಕಿನ ವ್ಯತ್ಯಾಸಕ್ಕಿಂತ ಬಣ್ಣದ ವ್ಯತ್ಯಾಸವನ್ನು ನಮ್ಮ ಕಣ್ಣು ಕಡಿಮೆ ಗ್ರಹಿಸುವುದರಿಂದ, ಬಣ್ಣದ ಮಾಹಿತಿಯನ್ನು ನಾಲ್ಕು ಬಿಂದುಗಳಿಗೆ ಒಂದರಂತೆ ಉಳಿಸಿಕೊಂಡರೂ ಸಾಕಾಗುತ್ತದೆ.

ಎರಡನೆಯ ಉಪಾಯ ಚಲನೆಗೆ ಸಂಬಂಧಿಸಿದ್ದು. ಬ್ಯಾಂಕಿನ ಹಳೆಯ ಲೆಡ್ಜರ್ ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪುಟದ ಮೇಲ್ಭಾಗದಲ್ಲಿ ಆರಂಭದ ಶಿಲ್ಕು, ಕೆಳಗೆ ಆಯಾ ದಿನದ ಜಮಾ ಖರ್ಚು ಮಾತ್ರ. ವಿಡಿಯೋದಲ್ಲೂ ಆಗಾಗ ಒಂದು ಚೌಕಟ್ಟನ್ನು ಪೂರ್ತಿಯಾಗಿ ಬರೆದು, ನಂತರದವುಗಳಲ್ಲಿ ‘ಈ ಚೌಕ ಬಲಕ್ಕೆ ಇಷ್ಟು ಸರಿಯಿತು, ಈ ಭಾಗ ಬದಲಾಗಿಲ್ಲ’ ಎಂದು ವ್ಯತ್ಯಾಸವನ್ನಷ್ಟೇ ಬರೆಯಲಾಗುತ್ತದೆ. ವಾರ್ತೆ ಓದುವವರ ಹಿಂದಿನ ಗೋಡೆಯನ್ನು ಸೆಕೆಂಡಿಗೆ 25 ಸಲ ಬರೆಯುವ ಅಗತ್ಯವೇನಿದೆ? ಆದರೆ ನಡುವಿನ ಒಂದು ನಮೂದು ಕಾಣೆಯಾದರೆ ಅದರ ಕೆಳಗಿನ ಶಿಲ್ಕೆಲ್ಲ ತಪ್ಪುವಂತೆ, ಮಳೆಯಲ್ಲಿ ಕೆಲವು ಬಿಟ್‌ಗಳು ನಷ್ಟವಾದರೆ ಮುಂದಿನ ಪೂರ್ಣ ಚೌಕಟ್ಟು ಬರುವವರೆಗೆ ಚಿತ್ರ ಕದಡಿಕೊಂಡೇ ಇರುತ್ತದೆ.

ಈ ಎರಡು ಉಪಾಯಗಳ ಜೋಡಣೆಯೇ 1988ರ ಎಚ್.261ರಿಂದ ಹಿಡಿದು ಎಂಪೆಗ್-1, ಎಂಪೆಗ್-2, 2003ರ ಎಚ್.264, 2013ರ ಎಚ್.265, 2020ರ ಎಚ್.266ರವರೆಗಿನ ಎಲ್ಲ ಮಾನಕಗಳ ತಿರುಳು. ಇತ್ತೀಚಿನ ಪ್ರತಿಯೊಂದು ಪೀಳಿಗೆಯೂ ಅದೇ ಗುಣಮಟ್ಟದ ಚಿತ್ರವನ್ನು ಹಿಂದಿನದರ ಹೆಚ್ಚುಕಡಿಮೆ ಅರ್ಧದಷ್ಟು ಮಾಹಿತಿಯಲ್ಲಿ ನೀಡುವ ಗುರಿಯಿಂದ ರೂಪುಗೊಂಡಿತು. ಚೌಕಗಳ ಗಾತ್ರ ಬದಲಾಗಿದೆ, ಲೆಕ್ಕ ಸೂಕ್ಷ್ಮವಾಗಿದೆ; ಮೂಲದ ಆಲೋಚನೆ 1974ರದ್ದೇ.

ಕೇರಳದ ಕನ್ನಡಿಗರ ಬದುಕಿನಲ್ಲಿ ಇದರ ಪರಿಣಾಮ ಸಣ್ಣದಲ್ಲ. 1994ರಲ್ಲಿ ಉದಯ ಟಿವಿ ಆರಂಭವಾದಾಗ ಅನಲಾಗ್ ಕೇಬಲ್ಲಿನ ಸೀಮಿತ ಸ್ಥಾನಗಳಲ್ಲಿ ಕನ್ನಡ ವಾಹಿನಿಗೊಂದು ಜಾಗ ದೊರೆಯುವುದು ಆಯಾ ಬಡಾವಣೆಯ ಆಪರೇಟರನ ಮರ್ಜಿಗೆ ಬಿಟ್ಟದ್ದಾಗಿತ್ತು. ಬೆಂಗಳೂರಿನಿಂದ ಬರುವ ಬಂಧುಗಳ ಚೀಲದಲ್ಲಿ ಬರುತ್ತಿದ್ದ ವಿಸಿಡಿಗಳು ಎಂಪೆಗ್-1 ಮಾನಕದವು. ಒಂದು ತಟ್ಟೆಗೆ ಸುಮಾರು 74 ನಿಮಿಷ, ಹಾಗಾಗಿ ಒಂದು ಚಲನಚಿತ್ರಕ್ಕೆ ಎರಡು ಮೂರು ತಟ್ಟೆ. 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಟಿಎಚ್ ಸೇವೆ 33 ವಾಹಿನಿಗಳೊಂದಿಗೆ ಎಂಪೆಗ್-2ರಲ್ಲಿ ಆರಂಭವಾಯಿತು. ಅನಲಾಗ್ ಕಾಲದಲ್ಲಿ ಒಂದು ವಾಹಿನಿಗೆ ಸಾಲುತ್ತಿದ್ದ ಉಪಗ್ರಹದ ಜಾಗದಲ್ಲಿ ಎಂಟು ಹತ್ತು ವಾಹಿನಿಗಳು ಕೂರುವಂತಾದದ್ದರಿಂದಲೇ, ಎಡಪ್ಪಳ್ಳಿಯ ಫ್ಲ್ಯಾಟಿನಲ್ಲಿ ಕುಳಿತವರಿಗೂ ಬೆಂಗಳೂರಿನವರಿಗೆ ಸಿಗುವ ಕನ್ನಡ ವಾಹಿನಿಗಳು ಸಿಗುವಂತಾದವು.

ಶಿಕ್ಷಣ ಕ್ಷೇತ್ರದ ಉದಾಹರಣೆ ಇನ್ನೂ ಮುಖ್ಯವಾದುದು. ಎಜುಸ್ಯಾಟ್ ಉಪಗ್ರಹವನ್ನು ಬಳಸಿ ತಿರುವನಂತಪುರದಲ್ಲಿ ಆರಂಭವಾದ ವಿಕ್ಟರ್ಸ್ ಶೈಕ್ಷಣಿಕ ವಾಹಿನಿಯನ್ನು 2005ರ ಜುಲೈಯಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದ್ದರು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, 2020ರ ಜೂನ್ 1ರಿಂದ ಇದೇ ವಾಹಿನಿಯ ಮೂಲಕ ‘ಫಸ್ಟ್ ಬೆಲ್’ ಪಾಠಗಳು ನಡೆದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲಿಯೂ ಪಾಠಗಳು ಸಿದ್ಧವಾದವು. ನೆಟ್‌ವರ್ಕ್ ದುರ್ಬಲವಾದ ಊರುಗಳಲ್ಲಿ ಮಗುವಿನ ಕೈಗೆ ಪಾಠ ತಲುಪುವುದೋ ಇಲ್ಲವೋ ಎಂಬುದು ಆ ವಿಡಿಯೋ ಎಷ್ಟು ಕುಗ್ಗಬಲ್ಲದು ಎಂಬುದನ್ನೂ ಅವಲಂಬಿಸಿತ್ತು. ಅದೇ ವರ್ಷದ ಜುಲೈಯಲ್ಲಿ ಮಲಯಾಳದ ‘ಸೂಫಿಯುಂ ಸುಜಾತಯುಂ’, ಕನ್ನಡದ ‘ಲಾ’ ಚಿತ್ರಗಳು ಚಿತ್ರಮಂದಿರಗಳನ್ನು ಬಿಟ್ಟು ನೇರವಾಗಿ ಅಂತರಜಾಲಕ್ಕೆ ಬಂದವು. ಚಿತ್ರಮಂದಿರದ ಡಿಜಿಟಲ್ ಪ್ರದರ್ಶನದ ಕಥೆಯೇ ಬೇರೆ: ಅಲ್ಲಿನ ಮಾನಕ ಜೆಪೆಗ್ 2000. ಅದು ಡಿಸಿಟಿಯನ್ನು ಬಳಸುವುದಿಲ್ಲ, ಪ್ರತಿ ಚೌಕಟ್ಟನ್ನೂ ಸ್ವತಂತ್ರವಾಗಿಯೇ ಬರೆಯುತ್ತದೆ.

ಬ್ಯಾಂಕುಗಳಿಗೂ ಇದು ಪರಕೀಯವಲ್ಲ. 2008ರಲ್ಲಿ ದೆಹಲಿ ವಲಯದಲ್ಲಿ ಆರಂಭವಾದ ಚೆಕ್ ಟ್ರಂಕೇಶನ್ ವ್ಯವಸ್ಥೆಯಲ್ಲಿ ಚೆಕ್ಕಿನ ಬದಲು ಅದರ ಮೂರು ಚಿತ್ರಗಳು ಪ್ರಯಾಣಿಸುತ್ತವೆ. ಮುಂಭಾಗದ ಬೂದುಬಣ್ಣದ ಚಿತ್ರ ಡಿಸಿಟಿ ಆಧಾರಿತ ಜೆಪೆಗ್‌ನಲ್ಲಿ. ಮುಂಭಾಗ, ಹಿಂಭಾಗಗಳ ಕಪ್ಪುಬಿಳುಪು ಚಿತ್ರಗಳು ಒಂದು ಬಿಂದುವೂ ನಷ್ಟವಾಗದ ಸಂಕೋಚನದಲ್ಲಿ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಗ್ರಾಹಕರ ಗುರುತನ್ನು ವಿಡಿಯೋ ಮೂಲಕ ಪರಿಶೀಲಿಸಲು ಅನುಮತಿ ನೀಡಿತು. ಮಂದ ಬೆಳಕಿನಲ್ಲಿ, ದುರ್ಬಲ ಸಂಪರ್ಕದಲ್ಲಿ ಮೊದಲು ಅಳಿಯುವುದು ಪ್ಯಾನ್ ಕಾರ್ಡಿನ ಸಣ್ಣ ಅಕ್ಷರಗಳೇ, ಏಕೆಂದರೆ ಸೂಕ್ಷ್ಮ ವಿವರಗಳ ಅಳತೆಗಳೇ ಮೊದಲು ಸೊನ್ನೆಯಾಗುವುದು. ಸಿಸಿಟಿವಿಯ ವಿಷಯವೂ ಇಷ್ಟೆ. ಪತ್ತೇದಾರಿ ಧಾರಾವಾಹಿಗಳಲ್ಲಿ ಮಸುಕು ಮುಖವನ್ನು ಹಿಗ್ಗಿಸಿದಂತೆಲ್ಲ ಸ್ಪಷ್ಟವಾಗುವುದನ್ನು ಕಂಡು ನಂಬಿದವರುಂಟು. ಎಸೆದ ಮಾಹಿತಿ ಹಿಗ್ಗಿಸಿದರೆ ಮರಳುವುದಿಲ್ಲ.

ಸಾಂಸ್ಕೃತಿಕ ಸಂಘಗಳವರು ವಿಶೇಷವಾಗಿ ಯೋಚಿಸಬೇಕಾದ ಸಂಗತಿಯೂ ಇದೇ. ತೆಂಕುತಿಟ್ಟಿನ ಯಕ್ಷಗಾನದ ಧೀಂಗಿಣ ಸಂಕೋಚನಕ್ಕೆ ಅತ್ಯಂತ ಕಠಿಣವಾದ ದೃಶ್ಯ. ವೇಷಧಾರಿ ಗಿರಗಿರನೆ ಸುತ್ತುವಾಗ ಪ್ರತಿ ಚೌಕಟ್ಟೂ ಹಿಂದಿನದಕ್ಕಿಂತ ಭಿನ್ನ. ಕಿರೀಟ, ಭುಜಕೀರ್ತಿಗಳ ಮಿಂಚು ಅತಿ ಸೂಕ್ಷ್ಮ ವಿವರ. ಲೆಡ್ಜರಿನ ಉಪಾಯವೂ ಇಲ್ಲಿ ಸೋಲುತ್ತದೆ, ಸೊನ್ನೆಯ ಉಪಾಯವೂ ಸೋಲುತ್ತದೆ. ಮೂಲ ಕಡತದಲ್ಲಿ ಚೆನ್ನಾಗಿದ್ದ ಧೀಂಗಿಣ, ವಾಟ್ಸಾಪಿನಲ್ಲಿ ನಾಲ್ಕು ಗುಂಪು ದಾಟಿ ಬರುವಷ್ಟರಲ್ಲಿ ಬಣ್ಣದ ಕಲೆಯಾಗಿರುತ್ತದೆ. ಅಲ್ಲಿ ಹೊಸದಾಗಿ ಹಾಕಿದ ವಿಡಿಯೋ ಮತ್ತೆ ಕುಗ್ಗುತ್ತದೆ, ಅದನ್ನು ಇಳಿಸಿಕೊಂಡು ಕತ್ತರಿಸಿ ಪುನಃ ಹಾಕಿದರೆ ಇನ್ನೊಮ್ಮೆ. ಆದುದರಿಂದ ರಾಜ್ಯೋತ್ಸವದ ನಾಟಕ, ತಾಳಮದ್ದಳೆ, ಹಿರಿಯರ ಸಂದರ್ಶನಗಳ ಕ್ಯಾಮರಾದ ಮೂಲ ಕಡತವನ್ನು ಬದಲಾಯಿಸದೆ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇರಿಸುವುದು ಲೇಸು. ಹಂಚುವುದಕ್ಕೆ ಕುಗ್ಗಿಸಿದ ಪ್ರತಿಯನ್ನು ಬೇರೆಯಾಗಿ ಮಾಡಿಕೊಳ್ಳಬಹುದು. ವಾಟ್ಸಾಪಿನಲ್ಲೇ ಮೂಲವನ್ನು ಕಳುಹಿಸಬೇಕಾದರೆ ವಿಡಿಯೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಅದು ಕುಗ್ಗದೆ ತಲುಪುತ್ತದೆ. ಮದುವೆ, ಉಪನಯನಗಳ ಹಳೆಯ ವಿಎಚ್‌ಎಸ್ ಟೇಪುಗಳನ್ನು ವಿಸಿಡಿಗೆ ಏರಿಸಿ ಟೇಪನ್ನು ಎಸೆದ ಮನೆಗಳಲ್ಲಿ ಈಗ ಉಳಿದಿರುವುದು ಅಡ್ಡಕ್ಕೆ 352, ಉದ್ದಕ್ಕೆ 288 ಬಿಂದುಗಳಷ್ಟೆ. ಟೇಪು ಇನ್ನೂ ಅಟ್ಟದಲ್ಲಿರುವವರು, ಕೊಚ್ಚಿಯ ತೇವದ ಹವೆಯಲ್ಲಿ ಅದಕ್ಕೆ ಬೂಷ್ಟು ಹಿಡಿಯುವ ಮೊದಲು, ಅದನ್ನು ಮತ್ತೊಮ್ಮೆ ಇಂದಿನ ಉತ್ತಮ ಮಾನಕದಲ್ಲಿ ಡಿಜಿಟಲ್‌ಗೆ ಏರಿಸಿಕೊಳ್ಳಬಹುದು. ಟೇಪು ಓಡಿಸುವ ಯಂತ್ರಗಳ ತಯಾರಿಕೆಯೇ 2016ರಲ್ಲಿ ನಿಂತುಹೋಗಿದ್ದು, ಕೆಲಸ ಮಾಡುವ ವಿಸಿಆರ್ ಹುಡುಕುವುದೇ ಈಗ ಕಷ್ಟವಾಗಿದೆ.