ಒಡೆಯರಪಾಳ್ಯದ ಟಿಬೆಟನ್ ವಸಾಹತು

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯ ಮೇಲೆ ತಮಿಳುನಾಡಿನ ಹಾಸನೂರಿಗೆ ಹೋಗುವ ಕಾಡುದಾರಿಯಲ್ಲಿರುವ ಟಿಬೆಟನ್ ನಿರಾಶ್ರಿತರ ನೆಲೆ. ಇದರ ಒಂದು ಕಡೆಗೆ ಬಿಳಿಗಿರಿರಂಗನ ಬೆಟ್ಟವೂ ಇನ್ನೊಂದು ಕಡೆಗೆ ಪಾಲಾರ್ ಬಳಿಯ ತಮಿಳುನಾಡು ಗಡಿಯವರೆಗೆ ಹಬ್ಬಿದ ಮಲೆ ಮಹದೇಶ್ವರ ಬೆಟ್ಟದ ಕಾಡೂ ಇವೆ. ಇದರ ಅಧಿಕೃತ ಹೆಸರು ಧೋಂಡೆನ್‌ಲಿಂಗ್. ‘ಲಿಂಗ್’ ಎಂದರೆ ಟಿಬೆಟನ್ ಭಾಷೆಯಲ್ಲಿ ಸ್ಥಳ, ನೆಲೆ ಎಂದರ್ಥ.

ಚೀನಾದಿಂದ ಹೊರನಡೆದವರೆಂದರೆ ಗುವಾಂಗ್‌ಡಾಂಗ್, ಫುಜಿಯಾನ್ ಪ್ರಾಂತಗಳ ಕರಾವಳಿಯಿಂದ ಮಲಯ, ಸಿಂಗಪುರಗಳಿಗೆ ಹಡಗೇರಿದ ವರ್ತಕರೂ ಕೂಲಿಕಾರರೂ ಸಾಮಾನ್ಯವಾಗಿ ನೆನಪಾಗುತ್ತಾರೆ. ಟಿಬೆಟನ್ನರ ವಲಸೆ ಆ ಜಾತಿಯದಲ್ಲ. 1959ರ ಲ್ಹಾಸಾ ದಂಗೆ ಅಡಗಿದ ಮೇಲೆ ದಲೈ ಲಾಮಾರ ಹಿಂದೆ ಹಿಮಾಲಯ ದಾಟಿದ ಇವರು ತಮ್ಮನ್ನು ಚೀನೀಯರೆಂದು ಕರೆದುಕೊಳ್ಳುವುದೂ ಇಲ್ಲ. ಹಲವರು ಮೊದಲ ವರ್ಷಗಳನ್ನು ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಳೆದರು. ಇವರಿಗೆ ಜಮೀನು ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ಮೈಸೂರು ಮುಖ್ಯವಾದುದು. 1960ರ ಸುಮಾರಿಗೆ ಬೈಲುಕುಪ್ಪೆ, 1966ರಲ್ಲಿ ಮುಂಡಗೋಡು, 1972ರಲ್ಲಿ ಹುಣಸೂರು ಬಳಿಯ ಗುರುಪುರ ನೆಲೆಗೊಂಡ ತರುವಾಯ, 1974ರಲ್ಲಿ, ಅಂದಿನ ಕೊಳ್ಳೇಗಾಲ ತಾಲ್ಲೂಕಿನ ಈ ಕಾಡಂಚಿನ ನೆಲದ ಸರದಿ ಬಂತು. ಬಾರ್ಲಿ ಬಿತ್ತಿ, ಯಾಕ್ ಸಾಕಿ ಗೊತ್ತಿದ್ದವರು ಇಲ್ಲಿ ಮಳೆಯನ್ನೇ ನೆಚ್ಚಿ ಮುಸುಕಿನ ಜೋಳ ಬೆಳೆಯುವುದನ್ನೂ ಅದಕ್ಕೆ ನುಗ್ಗುವ ಆನೆಗಳನ್ನು ಕಾಯುವುದನ್ನೂ ಕಲಿಯಬೇಕಾಯಿತು. ಹೊಲ ಸಾಲದಾದಾಗ ಚಳಿಗಾಲದಲ್ಲಿ ದೂರದ ನಗರಗಳಿಗೆ ಸ್ವೆಟರ್ ಮಾರಲು ಹೋಗುವುದು ರೂಢಿಯಾಯಿತು.

ಬಿಟ್ಟುಬಂದ ಊರಿನ ಗುರುತು ಇಲ್ಲಿ ಎದ್ದು ಕಾಣುವುದು ಜೋಗ್‌ಚೆನ್ ಮಠದಲ್ಲಿ. ಇದರ ಮೂಲ ಮಠ ಪೂರ್ವ ಟಿಬೆಟಿನ ಖಾಮ್ ಸೀಮೆಯಲ್ಲಿ, ಎಂದರೆ ಈಗಿನ ಸಿಚುವಾನ್ ಪ್ರಾಂತದಲ್ಲಿ, 17ನೆಯ ಶತಮಾನದಲ್ಲಿ ಸ್ಥಾಪನೆಯಾಗಿ, ಟಿಬೆಟನ್ ಬೌದ್ಧಧರ್ಮದ ಅತಿ ಹಳೆಯ ಶಾಖೆಯಾದ ನ್ಯಿಂಗ್ಮಾ ಪಂಥದ ಪ್ರಮುಖ ಕೇಂದ್ರಗಳಲ್ಲೊಂದಾಯಿತು. ಅದೇ ಹೆಸರಿನಲ್ಲಿ ಇಲ್ಲಿ ಮತ್ತೆ ಕಟ್ಟಿದ ಮಠವನ್ನು 1992ರಲ್ಲಿ ದಲೈ ಲಾಮಾ ಉದ್ಘಾಟಿಸಿದರು.

ಇಲ್ಲಿಯೇ ಹುಟ್ಟಿ ಕನ್ನಡವನ್ನೂ ಆಡುವ ಪೀಳಿಗೆಯ ಪೌರತ್ವದ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಜನಿಸಿದ ಟಿಬೆಟನ್ನರು ಜನ್ಮತಃ ಭಾರತೀಯರೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದ್ದರೂ, ಅನೇಕರು ಇಂದಿಗೂ ವಿದೇಶಿಯರಿಗೆ ಕೊಡುವ ನೋಂದಣಿ ಪತ್ರವನ್ನೇ ಇಟ್ಟುಕೊಂಡಿದ್ದಾರೆ. ಈ ನಡುವೆ ಎರಡನೆಯ ವಲಸೆಯೂ ನಡೆದಿದೆ: ಅಮೆರಿಕ 1990ರ ಕಾನೂನಿನಲ್ಲಿ ಭಾರತ, ನೇಪಾಳಗಳಲ್ಲಿದ್ದ ಟಿಬೆಟನ್ನರಿಗೆ 1,000 ವೀಸಾ ಮೀಸಲಿಟ್ಟ ಬಳಿಕ ನ್ಯೂಯಾರ್ಕ್, ಟೊರಾಂಟೊಗಳಲ್ಲಿ ಬಳಗ ಬೆಳೆದಂತೆ, ದಕ್ಷಿಣದ ವಸಾಹತುಗಳ ಯುವಕರು ಅತ್ತ ಹೊರಟರು, ಮಠಗಳಲ್ಲಿ ಅವರ ಜಾಗಕ್ಕೆ ಈಗ ಹಿಮಾಲಯದ ಗಡಿಸೀಮೆಗಳ ಹುಡುಗರು ಬಂದು ಸೇರುತ್ತಿದ್ದಾರೆ.