ಸಾವನದುರ್ಗವನ್ನು ಎಲ್ಲಿ ನಿಂತು ನೋಡಬೇಕು?

ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡು ೧೭೯೧ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಸಂಗತಿಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ಆ ದಂಡಿನ ಜೊತೆಯಲ್ಲಿ ರಾಬರ್ಟ್ ಹೋಮ್ ಎಂಬೊಬ್ಬ ಚಿತ್ರಕಾರನೂ ಇದ್ದನೆಂಬುದನ್ನು ಬಲ್ಲವರು ಕಡಮೆ. ಈತ ಸ್ಥಳದಲ್ಲಿಯೇ ಬರೆದುಕೊಂಡ ಚಿತ್ರಗಳು ೧೭೯೪ರಲ್ಲಿ ಪುಸ್ತಕರೂಪವಾಗಿ ಹೊರಬಂದುವು. ಅವುಗಳ ಅಡಿಬರಹಗಳನ್ನು ಓದಿದರೆ ಒಂದು ವಿಶೇಷ ಕಾಣುತ್ತದೆ. ಇದು ಬೆಂಗಳೂರಿನ ಪೂರ್ವದ ನೋಟ, ಇದು ಸಾವನದುರ್ಗದ ಉತ್ತರದ ನೋಟ, ಎಂದು ತಾನು ನೋಡಿದ ದಿಕ್ಕನ್ನೂ ಆತ ಹೇಳಿಬಿಡುತ್ತಾನೆ.

ಇದು ಬರಿಯ ಅಚ್ಚುಕಟ್ಟಲ್ಲ. ಪರ್ಸ್ಪೆಕ್ಟಿವ್ ಎಂದು ಚಿತ್ರಕಾರರು ಕರೆಯುವ ದೂರ ಸಮೀಪಗಳ ಲೆಕ್ಕವು ನಿಂತಿರುವುದೇ ಈ ಒಂದು ಕರಾರಿನ ಮೇಲೆ: ನೋಡುವ ಕಣ್ಣು ಒಂದೇ ಕಡೆ ನಿಂತಿರಬೇಕು. ಇಟಲಿಯ ಫ್ಲಾರೆನ್ಸಿನಲ್ಲಿ ಹದಿನೈದನೆಯ ಶತಮಾನದ ಮೊದಲಲ್ಲಿ ಬ್ರುನೆಲೆಸ್ಕಿಯು ತನ್ನ ಚಿತ್ರದ ಹಲಗೆಗೆ ತೂತು ಕೊರೆದು, ಹಿಂದಿನಿಂದ ಆ ತೂತಿಗೆ ಕಣ್ಣಿಟ್ಟು ಎದುರಿನ ಕನ್ನಡಿಯಲ್ಲಿ ಚಿತ್ರವನ್ನು ನೋಡುವಂತೆ ಮಾಡಿದನಂತೆ. ಕಣ್ಣನ್ನು ಕಟ್ಟಿಹಾಕುವ ಉಪಾಯವಿದು! ೧೪೩೫ರಲ್ಲಿ ಆಲ್ಬರ್ಟಿಯು ಇದರ ನಿಯಮಗಳನ್ನು ಗ್ರಂಥವಾಗಿ ಬರೆದನು.

ನಿಯಮವೇನೋ ಸುಲಭ. ಬಯಲಿನಲ್ಲಿ ದಿಗಂತದ ಗೆರೆ ಸದಾ ನಮ್ಮ ಕಣ್ಣಿನ ಮಟ್ಟದಲ್ಲಿಯೇ ಇರುತ್ತದೆ. ನಾವು ಕುಳಿತರೆ ಅದೂ ಇಳಿಯುತ್ತದೆ, ಗುಡ್ಡ ಹತ್ತಿದರೆ ಅದೂ ಏರುತ್ತದೆ. ಕುಳಿತು ಮರವನ್ನೂ ಎದ್ದುನಿಂತು ಮನೆಯನ್ನೂ ಬರೆದವನ ಚಿತ್ರದಲ್ಲಿ ಮನೆ ನೆಲ ಬಿಟ್ಟು ತೇಲುವುದು ಇದರಿಂದಲೇ. ಹೋಮನ ಬೆನ್ನಿಗೇ, ೧೭೯೨ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಗೆ ಬಂದ ಥಾಮಸ್ ಮತ್ತು ವಿಲಿಯಂ ಡೇನಿಯಲ್ಲರು ಈ ತೊಂದರೆಗೆಂದೇ ಕ್ಯಾಮೆರಾ ಆಬ್ಸ್‌ಕ್ಯೂರ ಎಂಬ ಕತ್ತಲೆಪೆಟ್ಟಿಗೆಯನ್ನು ಬಳಸುತ್ತಿದ್ದರು. ಮಸೂರದ ಮೂಲಕ ಕಾಗದದ ಮೇಲೆ ಬಿದ್ದ ಬಿಂಬವನ್ನು ಗೆರೆಯಲ್ಲಿ ಹಿಡಿದರಾಯಿತು.

ಆದರೆ ಪೆಟ್ಟಿಗೆಯನ್ನು ಎಲ್ಲಿ ಇಡಬೇಕೆಂದು ಪೆಟ್ಟಿಗೆಯು ಹೇಳಲಾರದು. ೧೭೯೧ರ ಡಿಸೆಂಬರ್ ೨೧ರಂದು ಸಾವನದುರ್ಗ ಬಿತ್ತು. ಹೋಮನ ಉತ್ತರದ ನೋಟವು ಆ ಮುತ್ತಿಗೆಯದೇ. ಮುತ್ತುವವರೊಡನೆ ಕೆಳಗೆ ನಿಂತವನಿಗೆ ದಿಗಂತ ತಗ್ಗಿ, ಬಂಡೆ ಮುಗಿಲಿಗೆ ಏರುತ್ತದೆ. ಬಂಡೆ ಎತ್ತರವಾದಷ್ಟೂ ಗೆದ್ದವನ ಹೆಚ್ಚಳ! ಗೆರೆಗಳಲ್ಲಿ ಸುಳ್ಳಿಲ್ಲ. ದುರ್ಗದ ಮೇಲೆ ನಿಂತು ಕೆಳಗಿನ ಫಿರಂಗಿಗಳನ್ನು ನೋಡಿದವರ ಕಣ್ಣು ಮಾತ್ರ ಆ ಚಿತ್ರದಲ್ಲಿ ಸಿಕ್ಕದು.

ಆ ಇನ್ನೊಂದು ಕಣ್ಣನ್ನು ನೋಡಬೇಕೆಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋಗಬೇಕು. ಅಲ್ಲಿ ಪಡುವಣ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರು ಕಾಳಗವಿದೆ. ಹೈದರ್, ಟಿಪ್ಪು ಗೆದ್ದ ಕಾಳಗವದು. ಇಲ್ಲಿ ದಿಗಂತದ ಲೆಕ್ಕವಿಲ್ಲ. ಸಾಲಿನ ಮೇಲೆ ಸಾಲಾಗಿ ಕುದುರೆ ಕಾಲಾಳುಗಳು, ದೂರದವರೂ ಹತ್ತಿರದವರಷ್ಟೇ ದೊಡ್ಡವರು. ಪರ್ಸ್ಪೆಕ್ಟಿವ್ ಕಲಿತವರು ಇದನ್ನು ತಪ್ಪೆನ್ನುತ್ತಾರೆ. ನಮಗೆ ಹಾಗೆನಿಸದು. ಕರ್ನಲ್ ಬೇಲಿಯ ಪಡೆ ನಾಲ್ಕೂ ಕಡೆ ಸಾಲುಗಟ್ಟಿ ಚೌಕವಾಗಿ ನಿಂತಿದೆ, ನಡುವೆ ಪಲ್ಲಕ್ಕಿಯಲ್ಲಿ ಬೇಲಿ ಕುಳಿತಿದ್ದಾನೆ. ಅಂದು ಪೊಳ್ಳಿಲೂರಿನ ಬಯಲಿನಲ್ಲಿ ನಿಂತ ಯಾವನಿಗೂ ಆ ಚೌಕದ ನಾಲ್ಕು ಮಗ್ಗುಲೂ ಒಟ್ಟಿಗೆ ಕಂಡಿರಲಾರದು.